ಸೋಣೈಯಣ್ಣನ ಲೈನಿನಲ್ಲಿ ಒಂದು ಜಾಗ

ಬೆಳಿಗ್ಗೆ ನನ್ನ ಪಣಿಯಾರದ ಗುಳಿ ಕಾವಲಿ ಕಾಯುವ ಹೊತ್ತಿಗೆ ಸರಿಯಾಗಿ ಎದುರಿನ ಅಂಗಡಿಯಿಂದ ಒಂದು ದನಿ ಹೊರಟು ವತ್ತಲಗುಂಡಿನ ವೀಳ್ಯದೆಲೆ ಮಂಡಿಗೆಲ್ಲ ಕೇಳಿಸುತ್ತದೆ: “ಪೇಚೀ... ಕಾಫೀ...” ಬೇರೆ ಊರಿನ ಮೈಕ್‌ಸೆಟ್ಟಿನವರು ‘ಹಲೋ ಹಲೋ’ ಎಂದು ಮೈಕು ಪರೀಕ್ಷೆ ಮಾಡುತ್ತಾರೆ. ನಮ್ಮ ಸೋಣೈಮುತ್ತು ಹೆಂಡತಿಯನ್ನು ಕರೆದು ಮಾಡುತ್ತಾನೆ. ‘ಚೀ’ ಕೀರಲಾಗದೆ ಬಂದರೆ ಕಹಳೆಯಂಥ ಹಾರ್ನು ಸರಿ ಇದೆಯಂತೆ, ‘ಫೀ’ ಬುಸ್ ಅನ್ನದಿದ್ದರೆ ಮೈಕು ಸರಿ ಇದೆಯಂತೆ. “ಏನೇ ಪೇಚಿ, ನಿನ್ನ ಗಂಡನಿಗೆ ಇನ್ನೂ ಕಾಫಿ ಕೊಟ್ಟಿಲ್ಲವಾ?” ಎಂದು ಎಲೆ ಜೋಡಿಸುವ ಹೆಂಗಸರು ದಿನಾ ಕೇಳಿ ಕೇಳಿ ಅವಳ ಮಾನ ತೆಗೆಯುತ್ತಾರೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಲೋಟ ಹಿಡಿದು ರಸ್ತೆ ದಾಟುತ್ತಾಳೆ.

ಆ ದನಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಆದರೂ ಯಾವತ್ತಾದರೂ ಒಂದು ದಿನ ಕೇಳಿಸದಿದ್ದರೆ ಹಿಟ್ಟು ಹುಯ್ಯುವ ಕೈ ನಿಂತುಬಿಡುತ್ತದೆ, ಏನಾಯಿತಪ್ಪಾ ಎಂದು ಎದುರಿಗೆ ಇಣುಕುತ್ತೇನೆ. ಆ ಮನುಷ್ಯನನ್ನು ಕಂಡರೆ ನನಗೆ ಅಷ್ಟು ಪ್ರೀತಿ. ಇದನ್ನು ಅವನಿಗೆ ಮಾತ್ರ ಹೇಳಬೇಡಿ, ತಲೆ ಮೇಲೆ ಹತ್ತಿ ಕೂತಾನು. ಅಣ್ಣ ಎಂದು ಕರೆದ ಮೇಲೆ ಬಹುವಚನ ಯಾಕೆ ಎಂದು ನಾನು ಅವನು ಇವನು ಎಂದೇ ಹೇಳುತ್ತೇನೆ.

ಸೋಣೈಯಣ್ಣನಿಗೆ ಹೆಗಲ ಮೇಲೆ ಟವೆಲ್ಲು ಇರುವುದಿಲ್ಲ. ಅದು ಆಂಪ್ಲಿಫೈಯರಿನ ಮೇಲಿರುತ್ತದೆ, ಧೂಳು ಬೀಳಬಾರದಲ್ಲ. ತನಗೆ ಬೆವರು ಬಂದರೆ ಅಂಗೈಯಲ್ಲಿ ಒರೆಸಿಕೊಳ್ಳುತ್ತಾನೆ. ಆ ಪೆಟ್ಟಿಗೆಯ ವಾಲ್ಯೂಮ್ ಗುಂಡಿಯ ಪಕ್ಕ ಕುಂಕುಮದ್ದೊಂದು ಗೀಟಿದೆ. ಗುಂಡಿ ಆ ಗೀಟನ್ನು ದಾಟುವಂತಿಲ್ಲ. ಎಂಎಲ್‌ಎ ಬಂದು ಹೇಳಿದರೂ ದಾಟುವುದಿಲ್ಲ. ಮದುವೆ ಮನೆಯವರು ಬಿಡುತ್ತಾರೆಯೇ? ಸೌಂಡು ಸಾಲದು, ಸೌಂಡು ಸಾಲದು ಎಂದು ಪ್ರಾಣ ತಿನ್ನುತ್ತಾರೆ.

ಒಮ್ಮೆ ಸಿತ್ತೈಯನ್‌ಕೋಟೈ ಕಡೆ ಒಂದು ಮದುವೆಯಲ್ಲಿ ಹುಡುಗನ ದೊಡ್ಡಪ್ಪ ಮೀಸೆ ತಿರುವುತ್ತ ಬಂದ. “ಏನಯ್ಯಾ ಸೋಣೈ, ಹಾಡು ಹಾಕಿದೀಯೋ, ಸೊಳ್ಳೆ ಬಿಟ್ಟಿದೀಯೋ? ಬೀಗರ ಊರಿಗೆ ಕೇಳಬೇಕು. ಎತ್ತು!”

“ಎತ್ತಿಬಿಟ್ಟೆ ನೋಡಿ ಯಜಮಾನ್ರೇ!” ಎಂದು ಸೋಣೈಯಣ್ಣ ಎದ್ದು ನಿಂತು, ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಒಂದು ಗುಂಡಿಯನ್ನು ಕೊನೆಯ ತನಕ ತಿರುಗಿಸಿದ. ಅದು ಎರಡನೇ ಮೈಕಿನ ಗುಂಡಿ. ಎರಡನೇ ಮೈಕನ್ನು ಅವತ್ತು ಸಿಕ್ಕಿಸಿಯೇ ಇರಲಿಲ್ಲ.

ದೊಡ್ಡಪ್ಪ ತಲೆದೂಗಿದ. “ಹಾಂ! ಈಗ ಬಂತು ನೋಡು ಸೌಂಡು ಅಂದ್ರೆ!”

ಬಡಿಸಲು ಹೋಗಿದ್ದ ನನಗೆ ನಗು ತಡೆಯಲಾಗಲಿಲ್ಲ. “ಅಲ್ಲಣ್ಣ, ಇದು ಮೋಸ ಅಲ್ವಾ?” ಎಂದೆ.

“ಮೋಸ ಯಾಕೆ? ಅವರಿಗೆ ಬೇಕಾಗಿದ್ದು ಮರ್ಯಾದೆ, ಸಿಕ್ತು. ಸದ್ದು ದೂರ ಹೋಗ್ಬೇಕು ಅಂದ್ರೆ ಹಾರ್ನನ್ನ ಎತ್ತರಕ್ಕೆ ಕಟ್ಟಿ ಮುಖ ಸರಿಯಾಗಿ ತಿರುಗಿಸ್ಬೇಕು. ಗುಂಡಿ ತಿರುವಿದ್ರೆ ಏನು ಬಂತು? ವಾಟ್ ಎರಡರಷ್ಟು ಕೊಟ್ರೂ ಕಿವಿಗೆ ಒಂದು ಚಿಟಿಕೆ ಹೆಚ್ಚು ಅನ್ಸುತ್ತೆ, ಅಷ್ಟೇ. ಆ ಚಿಟಿಕೆಗೋಸ್ಕರ ಯೂನಿಟ್ ಸುಟ್ಕೊಳ್ಳಲಾ?”

ಯೂನಿಟ್ ಅಂದರೆ ಹಾರ್ನಿನ ಹಿಂದೆ ತಿರುಪು ಹಾಕಿ ಕೂರಿಸುವ, ತೆಂಗಿನಕಾಯಿ ಗಾತ್ರದ ಗಂಟು. ನಿಜವಾಗಿ ಹಾಡುವುದು ಅದೇ. ಅದರೊಳಗೆ ಒಂದು ತೆಳು ತಟ್ಟೆ, ತಟ್ಟೆಗೆ ಕೂದಲಿನಂಥ ತಂತಿಯ ಸುತ್ತು. ಎದುರಿನ ಅಂಗಡಿ ಮುಂದೆ ಇಷ್ಟು ವರ್ಷ ಕೂತು ನನಗೂ ಇದೆಲ್ಲ ಬಾಯಿಪಾಠ ಆಗಿದೆ. ಒಂದು ದಿನ ಪೇಟೆಯಲ್ಲಿ ಐದು ಸಾವಿರ ವಾಟ್ ಎಂದು ಬರೆದ ಅಂಗೈಯಗಲದ ಪೆಟ್ಟಿಗೆ ಕಂಡೆ ಅಂದದ್ದಕ್ಕೆ ಅವನು ನನ್ನ ಪಣಿಯಾರ ಕೈಯಲ್ಲೇ ಹಿಡಿದುಕೊಂಡು ಅರ್ಧ ಗಂಟೆ ಕೊರೆದ.

“ಡಬ್ಬದ ಮೇಲೆ ಬರೆದಿದ್ದನ್ನ ನಂಬ್ತಾರೇನೇ ಸೀನಿ? ನಮ್ಮ ಮಂಡಿ ತಂಗವೇಲು ಪಂದ್ಯ ಕಟ್ಟಿ ಒಂದೇ ಸಲಕ್ಕೆ ನಲವತ್ತು ಇಡ್ಲಿ ತಿಂದ. ಹಾಗಂತ ದಿನಾ ಬೆಳಿಗ್ಗೆ ನಲವತ್ತು ತಿಂತಾನಾ? ಆರು ತಿಂತಾನೆ. ಆಂಪ್ಲಿಫೈಯರಿಗೂ ಆ ಆರು ಎಷ್ಟು ಅಂತ ಕೇಳ್ಬೇಕು. ಕಣ್ಣು ಮಿಟುಕಿಸೋ ಹೊತ್ತಲ್ಲಿ ಎಷ್ಟು ಕೊಡುತ್ತೆ ಅಂತಲ್ಲ. ದಿನವಿಡೀ ಏದುಸಿರು ಬಿಡದೆ ಎಷ್ಟು ಕೊಡುತ್ತೆ?”

“ತಂಗವೇಲು ಕಿವಿಗೆ ಬಿದ್ರೆ ನಿನ್ನ ಬಿಡಲ್ಲ, ಮೊದಲು ಪಣಿಯಾರ ತಿನ್ನು,” ಎಂದೆ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಒಬ್ಬನಿಗೆ ಮಾತ್ರ ಸಲಿಗೆ ಕೊಟ್ಟಿದ್ದ. ಅವನು ಪೇಚಿಯ ತಮ್ಮ ವೀರಣನ್. ಅಕ್ಕನ ಮದುವೆಯಾದ ಹೊಸದರಲ್ಲೇ, ಮೀಸೆ ಮೂಡುವ ಮೊದಲೇ, ಅಕ್ಕನ ಮನೆಗೆ ಬಂದು ಉಳಿದವನು. ಅಪ್ಪ ಅಮ್ಮ ಇಲ್ಲ, ಅಕ್ಕ ಬಿಟ್ಟರೆ ಬೇರೆ ದಿಕ್ಕಿಲ್ಲ. ಸೋಣೈಯಣ್ಣ ಅವನನ್ನು ಮಗನ ಹಾಗೆ ಸಾಕಿದ. ಕೆಲಸ ಕಲಿಸಿದ. ಯಾವ ಹಾರ್ನಿಗೆ ಯಾವ ದನಿ ಎಂದು ಗುರುತು ಹಿಡಿಯುವುದನ್ನೂ ಕಲಿಸಿದ. ಸೋಣೈಯಣ್ಣನ ಮಗಳು ಶೆಣ್ಬಗ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಎತ್ತಿಕೊಂಡು ಬಂದವನು ಇವನೇ. ಆ ಹುಡುಗಿಗೆ ಅಪ್ಪನಿಗಿಂತ ಮಾವನ ಹೆಗಲೇ ಹೆಚ್ಚು ಗೊತ್ತು.

ಆಮೇಲೆ ಅವನಿಗೂ ಮದುವೆಯಾಗಿ, ಹೆಂಡತಿಯ ಊರು ಸೇವುಗಂಪಟ್ಟಿಯಲ್ಲಿ ಸ್ವಂತ ಅಂಗಡಿ ಹಾಕಿದ. ಐದು ಸಾವಿರ ವಾಟ್ ಎಂದು ಬರೆದದ್ದೊಂದು ಪೆಟ್ಟಿಗೆ ತಂದ. ಸೋಣೈಯಣ್ಣ ಅದನ್ನು ಬಿಚ್ಚಿ ನೋಡಿ, “ಇದು ಹೆಚ್ಚೆಂದರೆ ನಲವತ್ತು ಕಣೋ, ಹುಷಾರು,” ಎಂದು ನಕ್ಕಿದ್ದ. ವೀರಣನಿಗೆ ಆ ನಗು ಚುಚ್ಚಿರಬೇಕು. ಒಂದು ಹಬ್ಬಕ್ಕೆ ಎರಡು ಯೂನಿಟ್ ಕೊಡು ಮಚ್ಚಾನ್ ಎಂದು ಕೇಳಿ ಒಯ್ದ; ಅಕ್ಕನ ಗಂಡನನ್ನು ನಮ್ಮಲ್ಲಿ ಕರೆಯುವುದೇ ಹಾಗೆ. ಊರಿನವರು ಎತ್ತು ಎತ್ತು ಅಂದರು. ಇವನು ಗುಂಡಿಯನ್ನು ಕೊನೆಯ ತನಕ ಎತ್ತಿದ. ಸಂಜೆಯ ಹೊತ್ತಿಗೆ ಎರಡೂ ಯೂನಿಟ್ ಸುಟ್ಟು ಮೂಕಾದವು.

ಬೆಳಿಗ್ಗೆ ಅವನ್ನು ತಂದು ಅಂಗಡಿ ಕಟ್ಟೆ ಮೇಲಿಟ್ಟ. ತಪ್ಪಾಯಿತು ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಅಂದನೇ ಅವನು?

“ನಿನ್ನ ಯೂನಿಟ್ ಅರವತ್ತು ವಾಟ್ ತಡೆಯುತ್ತೆ ಅಂತಿದ್ದೆ. ನನ್ನ ಪೆಟ್ಟಿಗೆ ನಲವತ್ತು ಅಂತ ನೀನೇ ಅಣಕಿಸಿದ್ದೆ. ನಲವತ್ತು ಅರವತ್ತನ್ನ ಹೇಗೆ ಸುಡುತ್ತೆ ಮಚ್ಚಾನ್? ನಿಂದೇ ಹಳಸಿದ ಮಾಲು!”

ಸೋಣೈಯಣ್ಣನ ಪಿತ್ತ ನೆತ್ತಿಗೇರಿತು. ಸಂತೆಯ ದಿನ, ಬೀದಿ ತುಂಬ ಜನ. “ನಲವತ್ತರ ಹತ್ರ ಎಂಬತ್ತು ಕೇಳಿದ್ರೆ ಅದು ಹಾಡಲ್ಲ ಕಣೋ, ಕಿರುಚುತ್ತೆ! ಹಾಡಿನ ತಲೆ ಕತ್ತರಿಸಿ, ಬುಡ ಕತ್ತರಿಸಿ ಕಳಿಸುತ್ತೆ. ಅದೆಲ್ಲ ಯೂನಿಟ್ ಒಳಗೆ ಹೋಗಿ ಬೆಂಕಿ ಆಗುತ್ತೆ. ದೊಡ್ಡ ಆಂಪ್ಲಿಫೈಯರ್ ಮೆಲ್ಲಗೆ ಹಾಡಿದ್ರೆ ಯಾವ ಯೂನಿಟ್ಟೂ ಸಾಯಲ್ಲ, ಸಣ್ಣದು ಕಿರುಚಿದ್ರೆ ಸಾಯುತ್ತೆ! ಅಷ್ಟು ಹೊತ್ತು ಕಿರುಚ್ತಿತ್ತಲ್ಲ, ನಿನಗೆ ಕೇಳಿಸಲಿಲ್ಲವಾ? ಕಿವುಡನಾ ನೀನು? ಕಿವುಡನಿಗೆ ಮೈಕ್‌ಸೆಟ್ ಯಾಕೋ?”

ನಮ್ಮಲ್ಲಿ ಮೈಕ್‌ಸೆಟ್ಟಿನವನಿಗೆ ಏನು ಬೇಕಾದರೂ ಬಯ್ಯಬಹುದು, ಕಿವುಡ ಅನ್ನಬಾರದು. ಅದಾದ ಮೇಲೆ ಅವನಿಗೆ ಯಾರು ಕೆಲಸ ಕೊಡುತ್ತಾರೆ? ಅದೂ ಕಿವಿ ಕೊಟ್ಟ ಗುರುವೇ ಅಂದರೆ? ವೀರಣನ ಮುಖ ಕಪ್ಪಿಟ್ಟಿತು. ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಪೇಚಿ ಕಾಫಿ ಲೋಟ ಹಿಡಿದುಕೊಂಡು ರಸ್ತೆಯ ನಡುವೆಯೇ ನಿಂತಿದ್ದಳು, ಲಾರಿಯವನು ಹಾರ್ನು ಹೊಡೆದರೂ ಕದಲಲಿಲ್ಲ. ನಾನೇ ಹೋಗಿ ಎಳೆದುಕೊಂಡು ಬಂದೆ.

ಆಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ. ಪೊಂಗಲಿಗೆ ಅಕ್ಕನಿಗೆ ತವರಿನ ಉಡುಗೊರೆ ಯಾರದೋ ಕೈಯಲ್ಲಿ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಸೋಣೈಯಣ್ಣ ಅವನ ಸುದ್ದಿ ಎತ್ತುತ್ತಲೇ ಇರಲಿಲ್ಲ. ಆದರೆ ಸೇವುಗಂಪಟ್ಟಿ ಕಡೆಯಿಂದ ಬಂದವರನ್ನು ಕೂರಿಸಿಕೊಂಡು, “ಆ ಕಡೆ ಸೆಟ್ಟು ಯಾರು ಕಟ್ತಾರೆ? ದನಿ ಹೇಗಿರುತ್ತೆ?” ಎಂದು ಕೇಳುವುದನ್ನು ನಾನು ಎಷ್ಟು ಸಲ ಕಂಡಿಲ್ಲ! ಚೆನ್ನಾಗಿರುತ್ತೆ ಅಂದರೆ ಅವತ್ತು ನನ್ನ ಅಂಗಡಿಯಲ್ಲಿ ಒಂದು ತಟ್ಟೆ ಹೆಚ್ಚು ತಿನ್ನುತ್ತಿದ್ದ. ಗಂಡಸರ ಹಟ ಅಂದರೆ ಇದು. ಒಳಗೆ ಬೆಣ್ಣೆ, ಮೇಲೆ ಬಿಗುಮಾನ.

ಶೆಣ್ಬಗಳಿಗೆ ಗಂಡು ಗೊತ್ತಾಯಿತು. ಎಲ್ಲರಿಗೂ ಖುಷಿ, ಪೇಚಿಯ ಮುಖದಲ್ಲಿ ಮಾತ್ರ ಕಳೆಯಿಲ್ಲ. ನಮ್ಮ ಕಡೆ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅವನ ಹಾರ ಬೀಳದೆ ಅವಳು ಮಣೆ ಮೇಲೆ ಕೂರುವಂತಿಲ್ಲ. ದೂರದ ನೆಂಟ ಯಾರನ್ನಾದರೂ ಹಿಡಿದು ತಂದು ನಿಲ್ಲಿಸಬಹುದು, ಶಾಸ್ತ್ರ ಸಾಗುತ್ತದೆ. ಆದರೆ ಒಡಹುಟ್ಟಿದವನು ಇದ್ದೂ ಬರಲಿಲ್ಲ ಅಂದರೆ ಪೇಚಿಗೆ ತವರೇ ಇಲ್ಲ ಅಂದಹಾಗೆ. ಊರು ಬಾಯಿಗೆ ಬಂದದ್ದು ಆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಹುಡುಗಿ ಹಟ ಹಿಡಿದು ಕೂತಿದ್ದಳು. “ಮಾವ ಬಂದು ಕೈ ಹಿಡಿದ್ರೆ ಏಳ್ತೀನಿ, ಬೇರೆ ಯಾರಾದ್ರೂ ಬಂದ್ರೆ ನೋಡ್ಕೊಳ್ಳಿ,” ಎಂದಳು. ಅವಳೂ ಅಪ್ಪನ ಮಗಳೇ.

ಪೇಚಿ ಎಲೆ ಅಡಿಕೆ ತಟ್ಟೆ ಹಿಡಿದು ಒಬ್ಬಳೇ ತಮ್ಮನ ಮನೆಗೆ ಹೋದಳು. ಬಂದವಳು ನೇರ ನನ್ನ ಅಂಗಡಿಯ ಬೆಂಚಿನ ಮೇಲೆ ಕುಸಿದಳು.

“ಬರ್ತಾನಾ?” ಎಂದೆ.

“ತಟ್ಟೆ ತಗೊಂಡ. ಆದ್ರೆ ಒಂದು ಮಾತು ಹೇಳಿದ ಸೀನಿ. ‘ಬರೋದಾದ್ರೆ ನನ್ನ ಹಾರ್ನು ತಗೊಂಡು ಬರ್ತೀನಿ. ಎಲ್ಲರದ್ದೂ ಕಟ್ಟಿದ ಲೈನಿನಲ್ಲೇ ನಂದನ್ನೂ ಕಟ್ಟಿ ಹಾಡಿಸಿದ್ರೆ ಒಳಗೆ ಬರ್ತೀನಿ. ಇಲ್ಲಾಂದ್ರೆ ಬಾಗಿಲಿಂದಾನೇ ವಾಪಸ್,’ ಅಂದ.”

ಈ ಹಾರ್ನಿನ ವಿಷಯ ಹೇಳಬೇಕು. ನಮ್ಮ ಸುತ್ತಿನ ಮೈಕ್‌ಸೆಟ್ಟಿನವರಲ್ಲಿ ಒಂದು ಪದ್ಧತಿ ಇದೆ. ಅವರಲ್ಲೊಬ್ಬನ ಮನೆ ಮದುವೆ ಅಂದರೆ ಉಳಿದವರೆಲ್ಲ ತಲೆಗೊಂದು ಹಾರ್ನು ತರುತ್ತಾರೆ, ಬಾಯಿಯ ಸುತ್ತ ತಮ್ಮ ಹೆಸರು ಬರೆಸಿದ್ದು. ಅದೇ ಉಡುಗೊರೆ. ಎಲ್ಲವನ್ನೂ ಮನೆಯವನ ಆಂಪ್ಲಿಫೈಯರಿನ ಒಂದೇ ಲೈನಿಗೆ ಕಟ್ಟಬೇಕು. ಒಂದೇ ಪಂಕ್ತಿಯಲ್ಲಿ ಕೂತು ಉಂಡ ಹಾಗೆ. ಬೇರೆ ಆಂಪ್ಲಿಫೈಯರಿಗೆ ಕಟ್ಟಿದರೆ ಪಂಕ್ತಿಯಿಂದ ಆಚೆ ಕೂರಿಸಿದ ಹಾಗೆ. ತಂದ ಹಾರ್ನನ್ನು ಬೇಡ ಅನ್ನುವುದು ಮುಖದ ಮೇಲೆ ಬಾಗಿಲು ಹಾಕುವುದಕ್ಕೆ ಸಮ.

ಸೋಣೈಯಣ್ಣನ ಆಂಪ್ಲಿಫೈಯರು ಎಂಟು ಹಾರ್ನು ತಡೆಯುತ್ತದೆ. ಇನ್ನೊಂದನ್ನು ಎಳೆಯುವ ಶಕ್ತಿ ಅದಕ್ಕೆ ಇಲ್ಲವೆಂದಲ್ಲ, ಆ ಶಕ್ತಿಯನ್ನು ಅವನು ಗಟ್ಟಿಮೇಳಕ್ಕೆ ಎಂದು ಎತ್ತಿಡುತ್ತಾನೆ. ತಾಳಿ ಕಟ್ಟುವ ಗಳಿಗೆಯಲ್ಲಿ ನಾಗಸ್ವರ, ತವಿಲು ಒಟ್ಟಿಗೆ ಸಿಡಿಯುತ್ತವಲ್ಲ, ಆಗ ಆಂಪ್ಲಿಫೈಯರು ಒಮ್ಮೆಲೇ ನೆಗೆಯಬೇಕು. ನೆಗೆಯಲು ಕಸುವು ಉಳಿದಿರದಿದ್ದರೆ ಕಿರುಚುತ್ತದೆ. ಕಿರುಚಿದರೆ ಬಂದ ನೆಂಟರ ಯೂನಿಟ್ಟುಗಳೆಲ್ಲ ಒಂದೇ ಸಲ ಸುಟ್ಟುಹೋಗಬಹುದು.

ಮದುವೆಯ ಹಿಂದಿನ ದಿನ ಎಲ್ಲರೂ ಬಂದರು. ನಿಲಕ್ಕೋಟೈಯ ರಾವುತ್ತರ್, ಸೆಂಪಟ್ಟಿಯ ಅಂದೋಣಿ, ಇನ್ನೂ ನಾಲ್ವರು. ಹಾರ್ನುಗಳು ನೀರಿನ ಟ್ಯಾಂಕಿನ ಮೇಲೆ, ತೆಂಗಿನ ಮರಗಳ ಮೇಲೆ ಏರಿದವು. ಬೇವಿನ ಮರದ ತುದಿಯಲ್ಲಿ ಸೋಣೈಯಣ್ಣನದು. ಅದರ ಪಕ್ಕದ ಕೊಂಬೆಗೆ ಹಗ್ಗ ಬಿಗಿದು, ತಂತಿ ಎಳೆದು, ಬರಿದಾಗಿ ಬಿಟ್ಟಿದ್ದ. “ಅದು ಯಾರದ್ದು?” ಎಂದು ಅಂದೋಣಿ ಕೇಳಿದ. “ಇರಲಿ ಬಿಡು,” ಎಂದ ಸೋಣೈಯಣ್ಣ. ನನಗೂ ಪೇಚಿಗೂ ಕೇಳುವ ಅಗತ್ಯ ಇರಲಿಲ್ಲ. ತಮ್ಮನ ಷರತ್ತನ್ನು ಅವಳು ಗಂಡನಿಗೆ ಹೇಳಿಯೇ ಇರಲಿಲ್ಲ, ಆದರೂ ಜಾಗ ಕಾದಿತ್ತು. ಅವಳು ಒಳಗೆ ಹೋಗಿ ಅಕ್ಕಿ ಮೂಟೆಗೆ ಒರಗಿ ಅತ್ತಳು.

ಸಂಜೆಯ ಕೊನೇ ಬಸ್ಸೂ ಬಂತು, ವೀರಣನ್ ಇಳಿಯಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಬಂದದ್ದು ಒಬ್ಬ ಮುದುಕಿ. ಸೋಣೈಯಣ್ಣನಿಗೆ ಕಸುಬು ಕಲಿಸಿದ ದಿಂಡುಗಲ್ಲಿನ ಮೇಸ್ತ್ರಿಯ ಹೆಂಡತಿ. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಗೋಣಿಚೀಲ ಸುತ್ತಿದ ಹಾರ್ನನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. “ಅವರು ಇದ್ದಿದ್ರೆ ಬರ್ತಿದ್ರು ಕಣಪ್ಪ. ಅದಕ್ಕೇ ತಂದೆ,” ಎಂದಳು. ಸೋಣೈಯಣ್ಣ ಅವಳ ಕಾಲಿಗೆ ಬಿದ್ದ. ಎದ್ದವನು ಬಸ್‌ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿ, ಆ ಹಾರ್ನನ್ನು ಬರಿದಾಗಿದ್ದ ಕೊಂಬೆಗೆ ಕಟ್ಟಿಸಿದ. ಎಂಟೂ ಆಗಿ ಲೈನು ಭರ್ತಿಯಾಯಿತು.

ವಾಲಗದವರು ಶ್ರುತಿ ಹಿಡಿಯುತ್ತಿದ್ದಾಗ, ಹುಡುಗಿ ಹಸೆಗೆ ಬರುವುದಷ್ಟೇ ಬಾಕಿ ಅನ್ನುವಾಗ, ಚಪ್ಪರದ ಬಾಗಿಲಲ್ಲಿ ವ್ಯಾನು ನಿಂತಿತು. ವೀರಣನ್ ಇಳಿದ. ರೇಷ್ಮೆಯಂಚಿನ ಪಂಚೆ, ಕತ್ತಿನಲ್ಲಿ ಬೆವರು. ಹಿಂದೆ ಅವನ ಹೆಂಡತಿ, ಸೀರೆ, ಹಣ್ಣು, ಹಾರದ ತಟ್ಟೆಗಳು. ಅವನ ಹೆಗಲ ಮೇಲೆ ಹೊಸದಾಗಿ ಬಣ್ಣ ಬಳಿದ ಹಾರ್ನು. ದಾರಿಯಲ್ಲಿ ಚಕ್ರ ಪಂಕ್ಚರ್ ಆಗಿತ್ತಂತೆ. ಬಾಗಿಲ ಹೊಸ್ತಿಲಾಚೆಯೇ ನಿಂತು ಹಾರ್ನನ್ನು ಕೆಳಗಿಟ್ಟ. ಯಾರ ಮುಖವನ್ನೂ ನೋಡಲಿಲ್ಲ.

“ಹಾರ್ನು ತಂದಿದೀನಿ,” ಎಂದ. ಅಷ್ಟೇ.

ಸೋಣೈಯಣ್ಣ ಓಡಿಬಂದವನು ನಡುವೆಯೇ ನಿಂತ. ಹಾರ್ನು ನೋಡಿದ, ಮರ ನೋಡಿದ. ಪೇಚಿ ಗಂಡನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

“ಕಟ್ಟೋಣ,” ಎಂದ ಸೋಣೈಯಣ್ಣ. “ಪೇಚಿ, ಅವನಿಗೆ ಕಾಲಿಗೆ ನೀರು ಕೊಡು. ಒಳಗೆ ಕೂರಿಸಿ ಕಾಫಿ ಕೊಡು. ಅಷ್ಟರಲ್ಲಿ ಹಾರ್ನು ಮೇಲಿರುತ್ತೆ.”

ವೀರಣನ್ ಒಳಗೆ ಹೋದದ್ದೇ ತಡ, ಅಡಿಗೆ ಚಪ್ಪರದ ಹಿಂದೆ ಮೈಕ್‌ಸೆಟ್ಟಿನವರ ಸಭೆ ಸೇರಿತು. ರಾವುತ್ತರ್, “ನಮ್ಮೂರಿಂದ ಇನ್ನೊಂದು ಆಂಪ್ಲಿಫೈಯರ್ ತರಿಸ್ಲಾ?” ಎಂದ. ಮುಹೂರ್ತಕ್ಕೆ ಅಷ್ಟು ಹೊತ್ತಿಲ್ಲ. ಇದ್ದರೂ ಬೇರೆ ಕಟ್ಟಿದರೆ ವೀರಣನ್ ವ್ಯಾನು ಹತ್ತುತ್ತಾನೆ.

“ಎಲ್ಲರದ್ದೂ ಸ್ವಲ್ಪ ಸ್ವಲ್ಪ ತಗ್ಗಿಸಿದ್ರೆ?” ಎಂದೆ ನಾನು, ಗೊತ್ತಿದ್ದವಳ ಹಾಗೆ.

“ಯಾವ ನೆಂಟನ ದನಿ ತಗ್ಗಿಸ್ಲಿ ಸೀನಿ? ತಂದು ಕೊಟ್ಟಿದಾರೆ. ಅಲ್ಲದೆ ಒಂದೊಂದು ಯೂನಿಟ್ಟಿಗೆ ಹೋಗೋ ವಾಟ್ ತಗ್ಗಿಸೋಕೆ ಪ್ರತಿಯೊಂದು ಮರ ಹತ್ತಿ ತಂತಿ ಬಿಚ್ಚಿ ಕಟ್ಟೋದ್ರಲ್ಲಿ ಮಧ್ಯಾಹ್ನ ಆಗುತ್ತೆ.”

“ಹಾಗಾದ್ರೆ ಹಾಗೇ ಸೇರಿಸಿಬಿಡು, ಏನಾಗುತ್ತೋ ಆಗಲಿ,” ಎಂದೆ.

“ಗಟ್ಟಿಮೇಳದಲ್ಲಿ ಕಿರುಚುತ್ತೆ. ಆ ಮುದುಕಿ ಗಂಡನ ಯೂನಿಟ್ ಸುಟ್ಟು ಅವಳ ಕೈಗೆ ಕೊಡ್ಲಾ?”

ಆಗ ಅಂದೋಣಿ ಮೆಲ್ಲಗೆ ಒಂದು ಮಾತು ಅಂದ. “ಸೋಣೈ, ಮೇಲೆ ಕಟ್ಟು. ತಂತಿ ಸುತ್ತಿದ ಹಾಗೆ ಮಾಡು, ಕರೆಂಟ್ ಕೊಡಬೇಡ. ಎಂಟು ಹಾರ್ನು ಒಟ್ಟಿಗೆ ಕೂಗ್ತಿರುವಾಗ ಒಂಬತ್ತನೇದು ಹಾಡ್ತಿಲ್ಲ ಅಂತ ಯಾವನಿಗೆ ಗೊತ್ತಾಗುತ್ತೆ? ಸಿತ್ತೈಯನ್‌ಕೋಟೈ ದೊಡ್ಡಪ್ಪನಿಗೆ ಗೊತ್ತಾಯ್ತಾ?”

ನನಗೆ, ಹಾಗೇ ಮಾಡಿಬಿಡು ಎಂದು ಕೂಗಬೇಕೆನಿಸಿತು. ಸೋಣೈಯಣ್ಣನಿಗೂ ಅನಿಸಿರಬೇಕು. ಅಂದೋಣಿಯ ಮುಖವನ್ನೇ ನೋಡುತ್ತ ನಿಂತ. ಒಳಗೆ ಪೇಚಿ ತಮ್ಮನ ಜತೆ ಅದೇನೋ ಹೇಳಿ ನಗುತ್ತಿದ್ದದ್ದು ಅಡಿಗೆ ಚಪ್ಪರದ ತನಕ ಕೇಳುತ್ತಿತ್ತು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

“ಬೇಡಪ್ಪ,” ಎಂದ ಸೋಣೈಯಣ್ಣ. “ದೊಡ್ಡಪ್ಪ ಬೇರೆ, ಇವನು ಬೇರೆ. ಇವನನ್ನ ಒಂದು ಸಲ ಕಿವುಡ ಅಂದುಬಿಟ್ಟೆ. ಕೋಪ ಇತ್ತು, ಅಂದೆ. ಈಗ ಕೇಳಿಸಲ್ಲ ಅಂತ ಧೈರ್ಯ ಮಾಡಿ ಮೋಸ ಮಾಡಿದ್ರೆ, ಕಿವುಡ ಅಂತ ನಾನು ನಂಬಿದ ಹಾಗೇ ಆಯ್ತಲ್ಲ. ಅದು ನನ್ನ ಕೈಲಾಗಲ್ಲ.”

ಅಷ್ಟು ಹೇಳಿ ಪಂಚೆ ಎತ್ತಿ ಕಟ್ಟಿ ಬೇವಿನ ಮರದ ಕಡೆ ಹೊರಟ. ಅಯ್ಯೋ, ಹೆಣ್ಣಿನ ಅಪ್ಪ! ಹಣೆಯಲ್ಲಿ ಗಂಧ, ಮೈಮೇಲೆ ಹೊಸ ರೇಷ್ಮೆ ಪಂಚೆ, ಕೊರಳಲ್ಲಿ ಹಾರ ಬೇರೆ. “ಅಣ್ಣಾ, ಬೀಗರು ನೋಡ್ತಾರೆ! ಅಂದೋಣಿ ಹತ್ತಲಿ, ನೀನು ಇಳಿ!” ಎಂದು ನಾನು ಬಡಿದುಕೊಂಡೆ. ಕೇಳುವ ಪೈಕಿಯೇ ಅವನು? ಕೊಂಬೆಯಿಂದ ಕೊಂಬೆಗೆ ಹತ್ತಿ ತುದಿ ಮುಟ್ಟಿದ. ಮೊದಲು ತನ್ನ ಹಾರ್ನಿನ ಗಂಟು ಬಿಚ್ಚಿದ. ಅದನ್ನು ಹಗ್ಗದಲ್ಲಿ ಕೆಳಗೆ ಬಿಟ್ಟ. ವೀರಣನದನ್ನು ಅದೇ ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಂಡು, ಎಲ್ಲಕ್ಕಿಂತ ಎತ್ತರದ ಅದೇ ಜಾಗದಲ್ಲಿ ಕಟ್ಟಿ, ಅದೇ ತಂತಿ ಸೇರಿಸಿದ. ಲೈನಿನಲ್ಲಿ ಎಂಟಕ್ಕೆ ಎಂಟೇ ಆಯಿತು. ಸ್ವಂತ ಮಗಳ ಮದುವೆಯಲ್ಲಿ ಅವನ ಹೆಸರಿನದು ಒಂದೂ ಉಳಿಯಲಿಲ್ಲ. ನಾನು ಬಯ್ಯುವುದನ್ನು ಬಿಟ್ಟು, ಕೆಳಗೆ ಬಂದ ಅವನ ಹಾರ್ನನ್ನು ಎತ್ತಿ ಸೌದೆ ರಾಶಿಯ ಮೇಲಿಟ್ಟೆ.

ಪಿಳ್ಳೆಯಾರ್ ಗಣಪತಿಯ ಹಾಡಿನ ಕ್ಯಾಸೆಟ್ಟು ಹಾಕಿದರು. ಹಾಡು ಎಂಟೂ ಹಾರ್ನಿನಿಂದ ಊರ ಮೇಲೆ ಹರಡಿತು. ವೀರಣನ್ ಕಾಫಿ ಲೋಟ ಹಿಡಿದುಕೊಂಡೇ ಅಂಗಳಕ್ಕೆ ಬಂದ. ಬೇವಿನ ಮರದ ಕಡೆ ಮುಖ ಎತ್ತಿ ಕಣ್ಣು ಮುಚ್ಚಿದ. ತನ್ನ ಹಾರ್ನಿನ ದನಿ ಸಿಕ್ಕಿರಬೇಕು, ಮುಖ ಅರಳಿತು. ಆಮೇಲೆ ಕತ್ತು ಸ್ವಲ್ಪ ವಾಲಿಸಿದ. ಹುಬ್ಬು ಗಂಟಿಕ್ಕಿತು. ಟ್ಯಾಂಕಿನ ಕಡೆ ತಿರುಗಿದ, ತೆಂಗಿನ ಮರದ ಕಡೆ ತಿರುಗಿದ. ನಾನು ಪಕ್ಕದಲ್ಲೇ ಹೂವಿನ ಬುಟ್ಟಿ ಹಿಡಿದು ನಿಂತಿದ್ದೆ.

“ಅಕ್ಕಾ,” ಎಂದು ಕೂಗಿದ. “ಮಚ್ಚಾನ್ ಹಾರ್ನು ಎಲ್ಲಿ? ಕೇಳಿಸ್ತಾನೇ ಇ‌ಲ್ಲವಲ್ಲ?”

ಪೇಚಿಗೆ ಏನು ಗೊತ್ತು ಪಾಪ, ಕಣ್ಣು ಕಣ್ಣು ಬಿಟ್ಟಳು. ನಾನು ಬಾಯಿಬಿಡದೆ ಅಡಿಗೆ ಚಪ್ಪರದ ಹಿಂದಕ್ಕೆ ಕೈ ತೋರಿಸಿದೆ. ಅವನು ನಡೆದ, ನಾವಿಬ್ಬರೂ ಹಿಂದೆಯೇ ಓಡಿದೆವು. ಸೋಣೈಯಣ್ಣ ನೀರಿನ ಹಂಡೆಯ ಬಳಿ ನಿಂತು ಎದೆಯ ಮೇಲಿನ ತರಚು ಗಾಯ ತೊಳೆದುಕೊಳ್ಳುತ್ತಿದ್ದ. ಪಂಚೆ ಮೊಣಕಾಲ ಹತ್ತಿರ ಹರಿದಿತ್ತು. ಪಕ್ಕದಲ್ಲಿ ಸೌದೆ ರಾಶಿಯ ಮೇಲೆ ಅವನ ಹಾರ್ನು ಮಲಗಿತ್ತು.

“ಇದನ್ನ ಯಾಕೆ ಇಳಿಸ್ದೆ?” ಎಂದ ವೀರಣನ್.

“ಲೈನಿನಲ್ಲಿ ಜಾಗ ಇರಲಿಲ್ಲ.”

“ಅದಕ್ಕೆ ನಿಂದು ಇಳಿಸೋದಾ? ಮಚ್ಚಾನ್, ನಂದು ಇಳಿಸು. ಈಗಲೇ ಇಳಿಸು. ಹೆಣ್ಣಿನ ಅಪ್ಪನ ಹಾರ್ನು ಇಲ್ಲದೆ ಮದುವೆ ಆಗುತ್ತಾ?”

“ಸುಮ್ನಿರೋ. ಅಪ್ಪ ಇಲ್ಲೇ ನಿಂತಿದಾನೆ, ಕಣ್ಣಿಗೆ ಕಾಣ್ತಾನೆ. ಇಷ್ಟು ವರ್ಷ ಈ ಮನೇಲಿ ಕೇಳಿಸದೆ ಇದ್ದ ದನಿ ನಿಂದು. ಅದು ಕೇಳಲಿ ಇವತ್ತು.”

ವೀರಣನ್ ಲೋಟವನ್ನು ಹಂಡೆಯ ಪಕ್ಕ ಇಟ್ಟ. ಬಗ್ಗಿ ಮಚ್ಚಾನಿನ ಕಾಲು ಮುಟ್ಟಲು ಹೋದರೆ ಸೋಣೈಯಣ್ಣ ಅವನ ರಟ್ಟೆ ಹಿಡಿದು ಎತ್ತಿ, “ಹೋಗೋ, ಹುಡುಗಿ ಕಾಯ್ತಿದಾಳೆ,” ಎಂದು ಬೆನ್ನ ಮೇಲೆ ಒಂದು ಗುದ್ದು ಹಾಕಿದ.

ಶೆಣ್ಬಗ ಮಾವನನ್ನು ಕಂಡು ಎದ್ದಳು, ಅವನು ಹಾರ ಹಾಕಿ ಕೈ ಹಿಡಿದು ಮಂಟಪಕ್ಕೆ ಕರೆತಂದ. ತಾಳಿಯ ಗಳಿಗೆ ಬಂತು. ನಾಗಸ್ವರ, ತವಿಲು ಒಟ್ಟಿಗೆ ಸಿಡಿದವು. ಎಂಟು ಹಾರ್ನೂ ಗಂಟೆ ಹೊಡೆದ ಹಾಗೆ ಮೊಳಗಿದವು, ಒಂದು ಎಳೆಯೂ ಒಡೆಯಲಿಲ್ಲ. ಗಟ್ಟಿಮೇಳ ನಡೆಯುವಾಗ ಸೋಣೈಯಣ್ಣ ಆಂಪ್ಲಿಫೈಯರ್ ಬಿಟ್ಟು ಕದಲಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವತ್ತು ಅದರ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಮಚ್ಚಾನೂ ಮೈದುನನೂ ಹುಡುಗಿಯ ಎಡಕ್ಕೊಬ್ಬ ಬಲಕ್ಕೊಬ್ಬ ನಿಂತು, ಅಕ್ಷತೆ ಹಾಕುವುದನ್ನೂ ಮರೆತು ಅಳುತ್ತಿದ್ದರು.